ಹಿಂಡನ್ ದಂಡೆಯಲ್ಲಿ ಮುಳುಗುಗಾರರ ಗಡಿಯಾರ

ಕಡಲಗಾಳಿ ಎಂದೂ ಸುಳಿಯದ ಘಾಜಿಯಾಬಾದಿನಲ್ಲಿ ಕುಳಿತು, ಮುನ್ನೂರು ಮೀಟರ್ ಆಳದ ನೀರನ್ನು ತಾಳಬಲ್ಲ ಎರಡು ಕೈಗಡಿಯಾರಗಳಲ್ಲಿ ಯಾವುದು ಮೇಲು ಎಂದು ಚರ್ಚಿಸುವುದು ಕೇಳುವವರಿಗೆ ತಮಾಷೆಯಾಗಿ ತೋರಬಹುದು. ನಮ್ಮ ಪಾಲಿಗಿರುವುದು ಹಿಂಡನ್ ನದಿಯ ನೀರು. ಅದರಲ್ಲಿ ಮುಳುಗುವ ಉಮೇದು ಯಾರಿಗೂ ಇಲ್ಲ. ಆದರೂ ನಮ್ಮ ಕನ್ನಡ ಬಳಗದ ಕಿರಿಯರ ನಡುವೆ ಈ ಪ್ರಶ್ನೆ ಕೆಲವು ವರ್ಷಗಳಿಂದ ಪದೇ ಪದೇ ಏಳುತ್ತಿದೆ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ದುಡಿದು, ಮನೆಸಾಲದ ಕಂತುಗಳು ಅರ್ಧ ದಾಟಿ, ವಯಸ್ಸು ನಲವತ್ತರ ಹತ್ತಿರ ಬಂದವರು ‘ಒಂದೇ ಒಂದು ಒಳ್ಳೆಯ ಗಡಿಯಾರ, ದಿನವೂ ಕಟ್ಟಲಿಕ್ಕೆ’ ಎಂದು ಮನಸ್ಸು ಮಾಡುತ್ತಾರೆ. ಹುಡುಕಾಟ ಎಲ್ಲಿ ಆರಂಭವಾದರೂ ಕೊನೆಗೆ ಎರಡು ಹೆಸರುಗಳ ಬಳಿ ಬಂದು ನಿಲ್ಲುತ್ತದೆ: ರೋಲೆಕ್ಸ್ ಸಬ್‌ಮರೀನರ್ ಮತ್ತು ಒಮೆಗಾ ಸೀಮಾಸ್ಟರ್ ಡೈವರ್ 300ಎಂ. ಎರಡೂ ಸ್ವಿಟ್ಜರ್ಲೆಂಡಿನವು, ಎರಡೂ ಮುಳುಗುಗಾರರ ಗಡಿಯಾರಗಳು, ಎರಡರ ಬೆಲೆಗೂ ಒಂದೊಂದು ಸಣ್ಣ ಕಾರು ಬರುತ್ತದೆ. ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ನಮ್ಮ ಉತ್ತರ ಒಮೆಗಾ. ಯಂತ್ರವಾಗಿ ನೋಡಿದರೆ ರೋಲೆಕ್ಸ್ ಒಂದು ಕೈ ಮೇಲೆಯೇ ಇದೆಯೆಂದು ಒಪ್ಪಿಕೊಂಡೂ ಈ ಮಾತು ಹೇಳುತ್ತಿರುವುದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ಮೊದಲು ‘ದಿನವೂ ಕಟ್ಟುವುದು’ ಎಂದರೇನು ಎಂಬುದನ್ನು ನೋಡೋಣ. ಈ ಊರಿನ ಹಳೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಜಾಲಹಳ್ಳಿಯಲ್ಲಿ ಬೆಳೆಯಿತು. ಅದರ ಎರಡನೆಯ ಘಟಕ 1974ರಲ್ಲಿ ಘಾಜಿಯಾಬಾದಿನಲ್ಲಿ ತೆರೆಯಿತು. ವಾಯುಪಡೆಗೆ ಬೇಕಾದ ರಾಡಾರುಗಳನ್ನು ಕಟ್ಟಲು ಜಾಲಹಳ್ಳಿಯಿಂದ ವರ್ಗವಾಗಿ ಬಂದವರಲ್ಲಿ ಅನೇಕರ ಎಡಗೈಯಲ್ಲಿ ಇದ್ದದ್ದು ಅದೇ ಜಾಲಹಳ್ಳಿಯ ಇನ್ನೊಂದು ಕಾರ್ಖಾನೆಯ ಗಡಿಯಾರ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲೂ, ಈ ಉತ್ತರದ ಕಡೆ ನೈನಿತಾಲದ ಕೆಳಗಿನ ರಾಣಿಬಾಗ್‌ನಲ್ಲೂ ಕಾರ್ಖಾನೆಗಳಾದವು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಒಂದು ತಲೆಮಾರಿನ ಮನೆಮಾತುಗಳು. ಜನತಾಕ್ಕೆ ಬೆಳಿಗ್ಗೆ ಕೀಲಿ ಕೊಡಬೇಕು, ಬಚ್ಚಲಿಗೆ ಹೋಗುವ ಮುನ್ನ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡಬೇಕು. ಅದು ಬಿಟ್ಟರೆ ದಿನವಿಡೀ ಅದರ ನೆನಪೇ ಬರುತ್ತಿರಲಿಲ್ಲ. ಸೈಕಲ್ಲಿನ ಮೇಲೆ, ರಾತ್ರಿಪಾಳಿಯಲ್ಲಿ, ಊರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಅದು ಕೈಯ ಮೇಲೇ ಇತ್ತು. ಗಂಟೆ ಎಷ್ಟು ಎಂದು ನೋಡುವಾಗಲಷ್ಟೇ ನೆನಪಿಗೆ ಬರುವ ವಸ್ತು, ನಾವು ದಿನಬಳಕೆಯ ಗಡಿಯಾರ ಎನ್ನುವುದು ಅಂಥದ್ದಕ್ಕೆ. ಬೆಲೆ ಎಷ್ಟೇ ಇರಲಿ, ಅಳೆಯಬೇಕಾದದ್ದು ಈ ಅಳತೆಗೋಲಿನಿಂದ.

ಮುಳುಗುಗಾರರ ಗಡಿಯಾರವನ್ನು ಮುಳುಗದವರೂ ಯಾಕೆ ಬಯಸುತ್ತಾರೆ ಎಂಬುದಕ್ಕೆ ಒಂದು ಚರಿತ್ರೆಯಿದೆ. 1926ರಲ್ಲಿ ರೋಲೆಕ್ಸ್ ಆಯ್‌ಸ್ಟರ್ ಎಂಬ ಜಲನಿರೋಧಕ ಕವಚವನ್ನು ತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಇಂಗ್ಲೆಂಡಿನ ಈಜುಗಾರ್ತಿ ಆ ಗಡಿಯಾರವನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದಳು. ಹತ್ತು ಗಂಟೆಗೂ ಮೀರಿ ಕೊರೆಯುವ ನೀರಿನಲ್ಲಿದ್ದ ಅವಳನ್ನು ಕೊನೆಗೆ ದೋಣಿಗೆ ಎಳೆದುಕೊಳ್ಳಬೇಕಾಯಿತು. ಈಜು ಪೂರ್ಣವಾಗಲಿಲ್ಲ, ಗಡಿಯಾರ ಮಾತ್ರ ಸರಿಯಾಗಿ ನಡೆಯುತ್ತಿತ್ತು. ಕಂಪನಿ ಅದನ್ನು ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತು ಮಾಡಿತು. ಸೋತ ಈಜಿನಿಂದ ಗೆದ್ದ ಗಡಿಯಾರ ಎಂದು ಬೇಕಾದರೆ ಕರೆಯಬಹುದು. ನೂರು ಮೀಟರ್ ಆಳದ ಭರವಸೆಯೊಡನೆ ಸಬ್‌ಮರೀನರ್ ಬಂದದ್ದು 1953ರಲ್ಲಿ. ಇನ್ನೊಂದು ಸ್ವಿಸ್ ಮನೆತನವಾದ ಬ್ಲಾಂಪಾಂ ತನ್ನ ಫಿಫ್ಟಿ ಫ್ಯಾದಮ್ಸ್ ಗಡಿಯಾರವನ್ನು ಹೊರತಂದದ್ದೂ ಅದೇ ವರ್ಷ.

ಸೀಮಾಸ್ಟರ್‌ನ ಹುಟ್ಟು ಬೇರೆ ಬಗೆಯದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಜಲನಿರೋಧಕ ಗಡಿಯಾರಗಳನ್ನು ಮಾಡಿಕೊಟ್ಟಿದ್ದ ಒಮೆಗಾ, ಆ ಅನುಭವವನ್ನು ಬಳಸಿ 1948ರಲ್ಲಿ ಊರೊಳಗಿನ ಜನರಿಗಾಗಿ ಸೀಮಾಸ್ಟರ್ ಮಾಡಿತು. ಮಳೆ, ಬೆವರು, ಕೈತೊಳೆಯುವ ನೀರು, ಇಷ್ಟಕ್ಕೆ ಹೆದರದ ಗಡಿಯಾರ ಅದು. ಆಳಕ್ಕಿಳಿಯುವ ಸೀಮಾಸ್ಟರ್ 300 ಬಂದದ್ದು 1957ರಲ್ಲಿ. ಈಗ ಚರ್ಚೆಯಲ್ಲಿರುವ ಡೈವರ್ 300ಎಂ ಇನ್ನೂ ಈಚಿನದು, 1993ರದು. ಹೆಸರಿನಲ್ಲಿ ಸಮುದ್ರವಿದ್ದರೂ ಮೂಲದಲ್ಲಿ ಅದು ನೆಲದವರ ಗಡಿಯಾರ. ನಮ್ಮ ಹಿರಿಯರಿಗೂ ಇಂಥ ಹೆಸರು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೇ ಮುಂಬಯಿಯ ಮೂಲಕ ಭಾರತದಲ್ಲಿ ವ್ಯಾಪಾರ ಮಾಡುತ್ತಿದ್ದ ಫಾವ್ರ್ ಲ್ಯೂಬಾ ಕಂಪನಿಯ ‘ಸೀ ಚೀಫ್’ ಗಡಿಯಾರಗಳನ್ನು ಸಮುದ್ರದ ಮುಖವನ್ನೇ ನೋಡದ ಎಷ್ಟೋ ಮದುಮಕ್ಕಳು ಮಾವನ ಮನೆಯ ಉಡುಗೊರೆಯಾಗಿ ಕಟ್ಟಿಕೊಂಡರು. ಚಿತ್ರದುರ್ಗದ ಬಯಲಿನಲ್ಲಿ ನಡೆದಾಡಿದ ‘ಕಡಲೊಡೆಯ’ರು ಕಡಿಮೆಯೇನಲ್ಲ.

ಆಳದ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಎರಡೂ ಗಡಿಯಾರಗಳು 300 ಮೀಟರ್ ತಾಳುತ್ತವೆ. ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ; ಹವ್ಯಾಸಿ ಮುಳುಗುಗಾರರಿಗೆ ಹಾಕಿರುವ ಮಿತಿ 40 ಮೀಟರ್. ನಮ್ಮವರು ಬಹುಪಾಲು ಮುಳುಗುವುದು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಳಿ, ತರಬೇತುದಾರನ ಕೈ ಹಿಡಿದು, ಹನ್ನೆರಡು ಮೀಟರಿನೊಳಗೆ. 2019ರ ನವೆಂಬರಿನಲ್ಲಿ ಇಲ್ಲಿನ ಹಿಂಡನ್ ವಾಯುನೆಲೆಯಿಂದ ಹುಬ್ಬಳ್ಳಿಗೆ ನೇರ ವಿಮಾನ ಆರಂಭವಾದಾಗ ನೇತ್ರಾಣಿಯೂ ಹತ್ತಿರವಾದಂತೆ ನಮ್ಮಲ್ಲಿ ಕೆಲವರು ಸಂಭ್ರಮಪಟ್ಟದ್ದುಂಟು. ಅಲ್ಲಿಯೂ ಉಳಿಯುವ 288 ಮೀಟರ್ ನಮಗೆ ಬೇಡ. ಒಮೆಗಾದ ಎಡಮೇಲ್ಭಾಗದಲ್ಲಿ, ಹತ್ತು ಗಂಟೆಯ ಜಾಗದಲ್ಲಿ, ಇನ್ನೊಂದು ಗುಬುಟು ಇದೆ: ಹೀಲಿಯಂ ಬಿಡುವ ಕವಾಟ. ಸಮುದ್ರದಾಳದ ಕೆಲಸಕ್ಕಾಗಿ ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಉಳಿಯುವವರ ಗಡಿಯಾರದೊಳಗೆ ಹೀಲಿಯಂ ಅನಿಲ ನುಸುಳುತ್ತದೆ. ಒತ್ತಡ ಇಳಿಸುವಾಗ ಅದು ಗಾಜನ್ನೇ ಹಾರಿಸದಂತೆ ಈ ಕವಾಟ. ವೈಶಾಲಿ ಮೆಟ್ರೋ ನಿಲ್ದಾಣದಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಅದರ ಅಗತ್ಯ ಬೀಳದು.

ಇನ್ನು ಯಂತ್ರಗಳ ಹೋಲಿಕೆ. ಇಲ್ಲಿ ನಾವು ಪಕ್ಷಪಾತ ಮಾಡುವುದಿಲ್ಲ. ಓದುವ ಅನುಕೂಲದಲ್ಲಿ ಸಬ್‌ಮರೀನರ್ ಮುಂದು: ಕಪ್ಪು ಬಯಲಿನ ಮೇಲೆ ಬಿಳಿಯ ದಪ್ಪ ಗುರುತುಗಳು, ತುಂಬಿದ ಮುಳ್ಳುಗಳು. ಒಮೆಗಾದ ಮುಳ್ಳುಗಳು ನಡುವೆ ಟೊಳ್ಳು, ಅದರ ಮುಖದ ಮೇಲೆ ಲೇಸರಿನಿಂದ ಕೊರೆದ ಅಲೆಗಳ ಗೆರೆ. ಚೆಲುವಾಗಿದೆ, ಆದರೆ ನಲವತ್ತೈದು ದಾಟಿದ ಕಣ್ಣಿಗೆ ಸಂಜೆಯ ಬೆಳಕಿನಲ್ಲಿ ಒಂದು ಕ್ಷಣ ಹೆಚ್ಚು ಬೇಕು. ರೋಲೆಕ್ಸ್ 41 ಮಿಲಿಮೀಟರ್, ಒಮೆಗಾ 42. ದಪ್ಪದಲ್ಲಿ ಒಮೆಗಾ ಸುಮಾರು ಒಂದು ಮಿಲಿಮೀಟರ್ ಹೆಚ್ಚು. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇಲ್ಲಿನ ಜನವರಿಯಲ್ಲಿ ಬನಿಯನ್ನು, ಅಂಗಿ, ಸ್ವೆಟರು, ಕೋಟು ಹೀಗೆ ನಾಲ್ಕು ತೋಳುಗಳ ಕೆಳಗೆ ಗಡಿಯಾರ ಹುಡುಕುವವನಿಗೆ ಲೆಕ್ಕಕ್ಕಿದೆ. ಜೂನಿನಲ್ಲಿ ನಲವತ್ತೈದು ಡಿಗ್ರಿಯ ಸೆಖೆಗೆ ಮಣಿಕಟ್ಟು ಉಬ್ಬುತ್ತದೆ. ರೋಲೆಕ್ಸಿನ ಕೊಂಡಿಯನ್ನು ಯಾವ ಸಲಕರಣೆಯೂ ಇಲ್ಲದೆ ಎರಡೆರಡು ಮಿಲಿಮೀಟರಿನಂತೆ ಸಡಿಲಿಸಬಹುದು. ಚಳಿ ಬಿಸಿಲು ಎರಡೂ ಅತಿಯಾಗುವ ಈ ಸೀಮೆಗೆ ಅದೊಂದು ನಿಜವಾದ ಸೌಕರ್ಯ. ಶುಕ್ರವಾರ ಸಂಜೆ ಏಳಕ್ಕೆ ಬಿಚ್ಚಿಟ್ಟ ಸಬ್‌ಮರೀನರ್ ತನ್ನ 70 ಗಂಟೆಗಳ ಸಂಚಯದಿಂದ ಸೋಮವಾರ ಸಂಜೆ ಐದರವರೆಗೆ ನಡೆಯುತ್ತದೆ. 55 ಗಂಟೆಯ ಒಮೆಗಾ ಸೋಮವಾರ ಬೆಳಗಿನ ಜಾವ ಎರಡಕ್ಕೇ ನಿಂತಿರುತ್ತದೆ. ದಿನವೂ ಕಟ್ಟುವ ಗಡಿಯಾರವನ್ನು ಶುಕ್ರವಾರ ಬಿಚ್ಚಿಡುವುದೇಕೆ ಎಂದು ಕೇಳಬಹುದು, ಅದು ಸರಿಯಾದ ಪ್ರಶ್ನೆ.

ಒಮೆಗಾ ನಿಸ್ಸಂದೇಹವಾಗಿ ಗೆಲ್ಲುವುದು ಅಯಸ್ಕಾಂತದ ವಿಷಯದಲ್ಲಿ. ಹಳೆಯ ಕಾಲದಲ್ಲಿ ಗಡಿಯಾರದ ಶತ್ರು ನೀರು ಮತ್ತು ಧೂಳು. ಇಂದಿನ ಶತ್ರು ಕಣ್ಣಿಗೆ ಕಾಣದ್ದು: ಲ್ಯಾಪ್‌ಟಾಪಿನ ಮುಚ್ಚಳ, ಇಯರ್‌ಫೋನಿನ ಡಬ್ಬಿ, ಫೋನಿಗೆ ಅಂಟಿಕೊಳ್ಳುವ ಚಾರ್ಜರು, ಕೈಚೀಲದ ಗುಂಡಿ, ಎಲ್ಲದರೊಳಗೂ ಅಯಸ್ಕಾಂತಗಳಿವೆ. ಗಡಿಯಾರದ ಹೃದಯವಾದ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿ ಒಂದಕ್ಕೊಂದು ಅಂಟಿದರೆ ದಿನಕ್ಕೆ ನಿಮಿಷಗಟ್ಟಲೆ ವೇಗ ಹೆಚ್ಚುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಟಿಕೆಯ ಬಲ ನೂರು ಗಾಸ್‌ನ ಆಸುಪಾಸು. ಈ ಒಮೆಗಾವನ್ನು ಸ್ವಿಸ್ ಮಾಪನಶಾಸ್ತ್ರ ಸಂಸ್ಥೆಯ ನಿಗಾದಲ್ಲಿ 15,000 ಗಾಸ್‌ಗೆ ಒಡ್ಡಿ ಪರೀಕ್ಷಿಸುತ್ತಾರೆ. ರೋಲೆಕ್ಸಿನ ಸ್ಪ್ರಿಂಗೂ ಅಯಸ್ಕಾಂತಕ್ಕೆ ಸುಲಭವಾಗಿ ಮಣಿಯದ ಮಿಶ್ರಲೋಹದ್ದೇ, ಆದರೆ ಅದು ಇಷ್ಟು ದೊಡ್ಡ ಭರವಸೆ ಕೊಡುವುದಿಲ್ಲ. ರಾಡಾರಿನ ನಡುವೆ ಬಾಳು ಸವೆಸಿದ ನಮ್ಮ ಹಿರಿಯ ಎಂಜಿನಿಯರುಗಳಿಗೆ ಈ ಒಂದು ಅಂಕಿಯ ಬೆಲೆ ಕೂಡಲೇ ತಿಳಿಯುತ್ತದೆ. ನಿಖರತೆಯಲ್ಲಿ ಮತ್ತೆ ರೋಲೆಕ್ಸ್ ಮೇಲು: ದಿನಕ್ಕೆ ಎರಡು ಸೆಕೆಂಡು ಹಿಂದೆ ಅಥವಾ ಮುಂದೆ. ಒಮೆಗಾಕ್ಕೆ ಸೊನ್ನೆಯಿಂದ ಐದು ಸೆಕೆಂಡು ಮುಂದೆ ಓಡುವ ಅವಕಾಶವಿದೆ.

ಹೀಗೆ ಕೂಡಿ ಕಳೆದರೆ ತಕ್ಕಡಿ ರೋಲೆಕ್ಸಿನ ಕಡೆಗೆ ತುಸು ವಾಲುತ್ತದೆ. ಆದರೂ ನಾವು ಒಮೆಗಾ ಎನ್ನುತ್ತಿರುವುದು ಗಡಿಯಾರದ ಹೊರಗಿನ ಕಾರಣಕ್ಕಾಗಿ.

ರೋಲೆಕ್ಸ್ ಎಂಬುದು ಈಗ ಗಡಿಯಾರದ ಹೆಸರಾಗಿ ಉಳಿದಿಲ್ಲ. ಅದು ಹಣದ ಹೆಸರು. ಸೊಸೈಟಿಯ ಗೇಟಿನ ಕಾವಲುಗಾರನಿಂದ ಹಿಡಿದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತ ದೂರದ ಬಂಧುವಿನ ತನಕ ಎಲ್ಲರಿಗೂ ಆ ಕಿರೀಟದ ಗುರುತು ಗೊತ್ತು, ಗೊತ್ತಾದೊಡನೆ ಮನಸ್ಸಿನಲ್ಲಿ ಒಂದು ಅಂಕಿ ಏಳುತ್ತದೆ. ಕಟ್ಟಿದವರಿಗೆ ಇದು ತಿಳಿದಿದೆ. ಹಾಗಾಗಿ ಸಂಜೆಯ ಬ್ಲೂ ಲೈನಿನಲ್ಲಿ ಅವರು ತೋಳನ್ನು ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಕೈಯಿಂದ ಫೋನು, ಕೊರಳಿನಿಂದ ಸರ ಕಿತ್ತುಕೊಂಡು ಹೋದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಅಪರೂಪವಲ್ಲ. ಆದ್ದರಿಂದ ಸಂಜೆಯ ತರಕಾರಿ ಮಾರುಕಟ್ಟೆಗೆ ಹೋಗುವಾಗ ಗಡಿಯಾರ ಮನೆಯಲ್ಲಿ ಉಳಿಯುತ್ತದೆ. ಸರ್ಕಾರಿ ಕಚೇರಿಗೆ ಕೆಲಸವಿಟ್ಟುಕೊಂಡು ಹೋಗುವಾಗ ಉಳಿಯುತ್ತದೆ, ಯಾಕೆಂದರೆ ಎದುರಿನವರ ನಿರೀಕ್ಷೆ ಏರಬಾರದು. ಊರಿಗೆ ಹೋಗುವಾಗ ಉಳಿಯುತ್ತದೆ, ಯಾಕೆಂದರೆ ಜಮೀನು ಪಾಲಾಗುವ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಅಣ್ಣತಮ್ಮಂದಿರ ಎದುರು ಅದನ್ನು ಕಟ್ಟಿ ಕೂರುವುದು ಚೆನ್ನಾಗಿರುವುದಿಲ್ಲ. ಕೊನೆಗೆ ಅದಕ್ಕೆ ಬ್ಯಾಂಕಿನ ಲಾಕರಿನಲ್ಲಿ ಅಮ್ಮನ ಬಳೆಗಳ ಪಕ್ಕ ಜಾಗ ಸಿಗುತ್ತದೆ. ಇದು ಊಹೆಯ ಚಿತ್ರವಲ್ಲ. ನಮ್ಮ ಪರಿಚಿತರ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇವೆ. ಮುನ್ನೂರು ಮೀಟರ್ ಆಳಕ್ಕೆ ಇಳಿಯಬಲ್ಲ ಗಡಿಯಾರ ಇಂದಿರಾಪುರದ ತರಕಾರಿ ಸಂತೆಗೆ ಇಳಿಯಲಾರದು.

ಒಮೆಗಾ ಅಜ್ಞಾತ ಹೆಸರೇನಲ್ಲ. ಒಂದೇ ಪತ್ತೇದಾರ ಜೇಮ್ಸ್ ಬಾಂಡ್ 1962ರಲ್ಲಿ ಸಬ್‌ಮರೀನರ್ ಕಟ್ಟಿ 1995ರಿಂದ ಸೀಮಾಸ್ಟರ್‌ಗೆ ಬದಲಾದದ್ದು ಸಿನಿಮಾ ನೋಡುವವರಿಗೆ ತಿಳಿದ ವಿಷಯ. ಆದರೂ ಬೀದಿಯಲ್ಲಿ ಅದನ್ನು ಗುರುತಿಸುವವರು ಕಡಿಮೆ. ಗುರುತಿಸುವವರು ಸಾಮಾನ್ಯವಾಗಿ ಗಡಿಯಾರವನ್ನು ಪ್ರೀತಿಸುವವರು, ಅವರ ಮಾತು ಬೆಲೆಯಿಂದ ಆರಂಭವಾಗುವುದಿಲ್ಲ. ಉಳಿದವರ ಕಣ್ಣಿಗೆ ಅದು ಒಂದು ಉಕ್ಕಿನ ಗಡಿಯಾರ, ಅಷ್ಟೆ. ನಮ್ಮ ಅಳತೆಗೋಲಿಗೆ ಈ ‘ಅಷ್ಟೆ’ ಬಹಳ ಮುಖ್ಯ.

‘ಆದರೆ ರೋಲೆಕ್ಸ್ ಹೂಡಿಕೆಯಲ್ಲವೇ’ ಎಂದು ಕಿರಿಯರು ಕೇಳುತ್ತಾರೆ. ಈ ವಾದ ನಮ್ಮ ಮಧ್ಯಮವರ್ಗದ ಮನಸ್ಸಿಗೆ ಬಹಳ ಹಿತ, ಯಾಕೆಂದರೆ ಭೋಗವನ್ನು ಉಳಿತಾಯದ ಪುಟದಲ್ಲಿ ಬರೆಯಲು ಅದು ಅವಕಾಶ ಕೊಡುತ್ತದೆ. ಚಿನ್ನದ ವಿಷಯದಲ್ಲಿ ನಮ್ಮ ಅಜ್ಜಿಯರೂ ಹೇಳುತ್ತಿದ್ದುದು ಇದನ್ನೇ, ಒಂದು ವ್ಯತ್ಯಾಸದೊಡನೆ: ಬಳೆಯ ಮೇಲೆ ಗೀರು ಬಿದ್ದರೆ ಚಿನ್ನದ ತೂಕ ಕಡಿಮೆಯಾಗುವುದಿಲ್ಲ. ಮರುಮಾರಾಟದಲ್ಲಿ ರೋಲೆಕ್ಸ್ ತನ್ನ ಬೆಲೆಯನ್ನು ಒಮೆಗಾಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆಂಬುದು ನಿಜ. 2022ರ ಆರಂಭದಲ್ಲಿ ಶಿಖರಕ್ಕೇರಿದ್ದ ಸೆಕೆಂಡ್‌ಹ್ಯಾಂಡ್ ಬೆಲೆಗಳು ಆಮೇಲೆ ಇಳಿದದ್ದೂ ನಿಜ. ಅದಕ್ಕಿಂತ ಮುಖ್ಯವಾದದ್ದು, ಆ ಬೆಲೆ ಉಳಿಯಬೇಕಾದರೆ ಡಬ್ಬಿ ಉಳಿಯಬೇಕು, ಕಾಗದಪತ್ರ ಉಳಿಯಬೇಕು, ಉಕ್ಕಿನ ಅಂಚುಗಳು ಹೊಸದರಂತೆ ಹರಿತವಾಗಿರಬೇಕು. ಅಂದರೆ ಕಟ್ಟಬಾರದು. ದಿನವೂ ಕಟ್ಟಲೆಂದು ಕೊಂಡವನು ಬೆಲೆ ಉಳಿಸಲೆಂದು ಬಿಚ್ಚಿಡುವುದು ವಿಚಿತ್ರ ವ್ಯವಹಾರ. ಒಮೆಗಾ ಕೊಂಡವನ ಕಥೆ ಸರಳ: ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಬೆಲೆಯ ಒಂದು ದೊಡ್ಡ ಪಾಲು ಹೋಗಿರುತ್ತದೆ. ಹೋದದ್ದು ಹೋಯಿತು, ಆಮೇಲೆ ಬಾಗಿಲ ಚೌಕಟ್ಟಿಗೆ ತಗುಲಿ ಗೀರು ಬಿದ್ದರೆ ನಿದ್ದೆ ಕೆಡುವುದಿಲ್ಲ.

ಕಾಯುವ ಪಟ್ಟಿಯ ವಿಷಯವೂ ಇದಕ್ಕೆ ಸೇರಿದ್ದೇ. ಸಬ್‌ಮರೀನರ್‌ಗೆ ಬೇಡಿಕೆ ಪೂರೈಕೆಗಿಂತ ಬಹಳ ಹೆಚ್ಚು. ಹಣ ಕೈಯಲ್ಲಿದ್ದರೂ ಅಂಗಡಿಯಲ್ಲಿ ಹೆಸರು ಬರೆಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ಹಿರಿಯರು ಇದನ್ನು ಕೇಳಿ ನಗುತ್ತಾರೆ, ಅವರ ಕಾಲದಲ್ಲಿ ಎಚ್‌ಎಂಟಿಗೂ ಕಾಯಬೇಕಿತ್ತು, ಪರಿಚಯದವರಿಂದ ಹೇಳಿಸಬೇಕಿತ್ತು. ಆದರೆ ಆ ಸರದಿಯ ಕೊನೆಯಲ್ಲಿ ಸಿಗುತ್ತಿದ್ದುದು ಪಾಳಿಯ ಸೈರನ್ನಿಗೆ ಮುಂಚೆ ಮನೆ ಬಿಡಲು ಬೇಕಾದ ವಸ್ತು. ಬೇರೆ ದಾರಿ ಇರಲಿಲ್ಲ. ಈಗಿನ ಸರದಿಯಲ್ಲಿ ಕಾಯುವಿಕೆಯೇ ಬೆಲೆಯ ಒಂದು ಭಾಗವಾಗಿದೆ. ದೀರ್ಘಕಾಲ ಕಾದು ಪಡೆದ ವಸ್ತುವನ್ನು ಮರುದಿನವೇ ಉದಾಸೀನವಾಗಿ ಕಟ್ಟಿಕೊಂಡು ಪಾತ್ರೆ ತೊಳೆಯುವ ಮನಸ್ಸು ಯಾರಿಗೂ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದು ಬರುವುದು ಹಿರಿಯರಿಂದ: ಎರಡೂ ಯಾಕೆ? ಕರ್ನಾಟಕದ ಗಡಿಯಾಚೆಗೇ ಇರುವ ಹೊಸೂರಿನಲ್ಲಿ ಟೈಟನ್ ಗಡಿಯಾರಗಳನ್ನು ಮಾಡುತ್ತದೆ. ಸಾಧಾರಣ ಕ್ವಾರ್ಟ್ಸ್ ಗಡಿಯಾರ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ತಪ್ಪಿದರೆ ಹೆಚ್ಚು. ದಿನಕ್ಕೆ ಎರಡು ಸೆಕೆಂಡಿನ ರೋಲೆಕ್ಸ್ ತಿಂಗಳಿಗೆ ಒಂದು ನಿಮಿಷದವರೆಗೆ ತಪ್ಪಬಹುದು. ಸಮಯಕ್ಕಾಗಿ ಆದರೆ ಎರಡು ಸಾವಿರ ರೂಪಾಯಿಯದೇ ಮೇಲು. ನೀರಿಗಾಗಿ ಎನ್ನುವುದಾದರೆ, 2023ರ ಜುಲೈಯಲ್ಲಿ ಹಿಂಡನ್ ಉಕ್ಕಿ ಕರ್ಹೇಡಾ ಮೊದಲಾದ ತಗ್ಗಿನ ಬಡಾವಣೆಗಳ ಮನೆಗಳಿಗೆ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ನೀರಿಗೆ ದೋಣಿಯೊಡನೆ ಇಳಿಯುವವರು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಯೋಧರು, ಅವರ ಎಂಟನೆಯ ಬೆಟಾಲಿಯನ್ ಇರುವುದೂ ಘಾಜಿಯಾಬಾದಿನಲ್ಲೇ. ವೃತ್ತಿಯಿಂದ ಮುಳುಗುವವರು ಇಂದು ನೆಚ್ಚುವುದು ಆಳವನ್ನೂ ಸಮಯವನ್ನೂ ತಾನೇ ಲೆಕ್ಕ ಹಾಕುವ ಡೈವ್ ಕಂಪ್ಯೂಟರನ್ನು.

ಈ ಆಕ್ಷೇಪಕ್ಕೆ ನಮ್ಮಲ್ಲಿ ಪ್ರತಿವಾದವಿಲ್ಲ. ಇದು ಭೋಗವೇ. ಯಾರಿಗೆ ಇದು ಸಾಲ ಮಾಡಿಸುತ್ತದೋ, ಮಕ್ಕಳ ಶುಲ್ಕವನ್ನು ಮುಂದಕ್ಕೆ ತಳ್ಳಿಸುತ್ತದೋ ಅವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಹೊಸೂರಿನ ಗಡಿಯಾರ ಕೊಳ್ಳುವುದು ಸರಿ. ಉಳಿದವರಿಗೆ ಹೇಳುವುದಿಷ್ಟು: ಭೋಗವನ್ನು ಭೋಗವೆಂದೇ ಕರೆದು, ಕಟ್ಟಿ, ಸವೆಸಿ. ಸರ್ಕಾರವಂತೂ ಇದನ್ನು ಭೋಗವೆಂದು ಆಗಲೇ ಗುರುತಿಸಿದೆ: 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಮಾರುವವರು ಕೊಳ್ಳುವವರಿಂದ ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕು. ಅವಸರವೂ ಬೇಡ. ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ದೇಶಗಳೊಡನೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯಬೇಕು.

ಕೊಂಡಮೇಲೆ ಬಳಸುವುದು ಹೇಗೆ? ಮುಳುಗುಗಾರರ ಗಡಿಯಾರದಲ್ಲಿ ನಿಜವಾಗಿ ಬಳಕೆಗೆ ಬರುವ ಭಾಗ ಅದರ ಮುಖದ ಸುತ್ತ ತಿರುಗುವ ಬಳೆ. ಬಳೆಯ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ ಆ ಕ್ಷಣದಿಂದ ಎಷ್ಟು ನಿಮಿಷ ಕಳೆಯಿತೆಂದು ಬಳೆಯೇ ತೋರಿಸುತ್ತದೆ. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ನೀರಿನೊಳಗೆ ಅಕಸ್ಮಾತ್ ಏನ್ನಾದರೂ ತಾಗಿ ಸರಿದರೂ ಕಳೆದ ಸಮಯ ಹೆಚ್ಚೆಂದು ತೋರಬೇಕೇ ಹೊರತು ಕಡಿಮೆಯೆಂದಲ್ಲ. ಉಸಿರಿನ ಗಾಳಿ ಇನ್ನೂ ಇದೆಯೆಂದು ಮುಳುಗುಗಾರ ಮೋಸಹೋಗಬಾರದು. ಮನೆಯಲ್ಲಿ ಇದರ ಉಪಯೋಗ ಅಪಾರ: ಕುಕ್ಕರಿನ ಸೀಟಿಯ ನಂತರದ ಹತ್ತು ನಿಮಿಷ, ಊಟಕ್ಕೆ ಅರ್ಧ ಗಂಟೆ ಮುಂಚಿನ ಅತ್ತೆಯ ಮಾತ್ರೆ, ಮಗಳ ಗಣಿತದ ಅಭ್ಯಾಸಪತ್ರಿಕೆ, ಹಣ ಕೊಟ್ಟು ಕಾರು ನಿಲ್ಲಿಸಿದ ಜಾಗದ ಗಡುವು. ಫೋನಿನಲ್ಲಿಯೂ ಇದನ್ನು ಮಾಡಬಹುದು. ಫೋನು ಕೈಗೆ ಬಂದರೆ ಹತ್ತು ನಿಮಿಷ ಬೇರೆಲ್ಲೋ ಹೋಗುತ್ತದೆ ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಒಮೆಗಾದ ಬಳೆಯ ಅಂಚು ನುಣುಪು, ಒದ್ದೆ ಬೆರಳಿಗೆ ಜಾರುತ್ತದೆ, ಈ ದೂರು ನ್ಯಾಯವಾದದ್ದೇ.

ಬಳೆಯ 24ನೆಯ ನಿಮಿಷದ ಗೆರೆ ಮುಟ್ಟಿದಾಗ ಒಂದು ಗಳಿಗೆ ಕಳೆದಿರುತ್ತದೆ. ನಮ್ಮ ಪೂರ್ವಜರು ಈ ಗಳಿಗೆಯನ್ನು ನೀರಿನಿಂದಲೇ ಅಳೆದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ನೀರು ಮೆಲ್ಲಗೆ ಒಳಸೇರಿ ಒಂದು ಗಳಿಗೆಗೆ ಅದು ಮುಳುಗುತ್ತಿತ್ತು. ಮದುವೆಯ ಮುಹೂರ್ತಗಳು ಆ ಗಳಿಗೆ ಬಟ್ಟಲಿನ ಮುಳುಗುವಿಕೆಯಿಂದ ನಿರ್ಧಾರವಾಗುತ್ತಿದ್ದವು. ಗಡಿಯಾರ ಎಂಬ ನಮ್ಮ ಮಾತಿನೊಳಗೂ ಅದೇ ಘಟಿ ಅಡಗಿದೆ. ನೀರು ಒಳಹೋಗದಂತೆ ಇಷ್ಟೆಲ್ಲ ಪಾಡುಪಡುವ ಯಂತ್ರಕ್ಕೆ ನೀರು ಒಳಹೋಗಲೆಂದೇ ಮಾಡಿದ ಯಂತ್ರದ ಹೆಸರು ಬಂದಿದೆ. (ರಾಹುಕಾಲ ಅಳೆಯಬಯಸುವವರಿಗೆ ಸೂಚನೆ: ಅದು ಒಂದೂವರೆ ಗಂಟೆ, ಬಳೆಯಲ್ಲಿರುವುದು ಅರವತ್ತೇ ನಿಮಿಷ.)

ಜಲನಿರೋಧಕವೆಂದು ಯಾವ ನೀರಿಗಾದರೂ ಒಡ್ಡಬಹುದೆಂದು ತಿಳಿಯಬಾರದು. ನೀರನ್ನು ತಡೆಯುವುದು ಉಕ್ಕಲ್ಲ, ಒಳಗಿನ ರಬ್ಬರ್ ಉಂಗುರಗಳು. ಗೀಸರಿನ ಬಿಸಿನೀರು, ಸಾಬೂನು, ಸೊಸೈಟಿಯ ಈಜುಕೊಳದ ಕ್ಲೋರಿನ್ ಇವು ಆ ಉಂಗುರಗಳನ್ನು ಬೇಗ ಮುಪ್ಪಾಗಿಸುತ್ತವೆ. ಕೀಲಿಯ ತಿರುಪನ್ನು ಪೂರ್ತಿ ಬಿಗಿದ ಮೇಲೆಯೇ ನೀರಿನ ಹತ್ತಿರ ಹೋಗಬೇಕು. ಹೋಳಿಯ ದಿನ ಕಟ್ಟಿಕೊಂಡೇ ಆಡಬಹುದು. ಆಮೇಲೆ ತಣ್ಣೀರಿನ ನಲ್ಲಿಯ ಕೆಳಗೆ ಬಳೆಯನ್ನು ಒಂದು ಸುತ್ತು ತಿರುಗಿಸುತ್ತ ತೊಳೆಯಬೇಕು, ಇಲ್ಲವಾದರೆ ಗುಲಾಲೂ ಈ ಊರಿನ ನುಣುಪು ಧೂಳೂ ಸೇರಿ ಸಂದಿಯಲ್ಲಿ ಕಲ್ಲಾಗುತ್ತವೆ. ನೀರಿನಲ್ಲಿ ಬಳಸುವವರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಪೂರ್ಣ ಸರ್ವಿಸು ಐದರಿಂದ ಎಂಟು ವರ್ಷಗಳಿಗೊಮ್ಮೆ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಖರ್ಚೂ ಹತ್ತಾರು ಸಾವಿರಗಳಲ್ಲಿ. ಆ ವಾರಗಳಲ್ಲಿ ಕೈ ಬರಿದಾಗದಿರಬೇಕೆಂದರೆ ಅಪ್ಪನ ಕಪಾಟಿನಲ್ಲಿ ನಿಂತುಹೋಗಿರುವ ಎಚ್‌ಎಂಟಿಯನ್ನು ಈಗಲೇ ಒಳ್ಳೆಯ ಕೆಲಸಗಾರನ ಬಳಿ ತೊಳೆಸಿ ಎಣ್ಣೆ ಹಾಕಿಸಿಡುವುದು ಒಳಿತು. ಆ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು, ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿವೆ. ಜನತಾ ಆದರೆ ಬೆಳಿಗ್ಗೆ ಕೀಲಿ ಕೊಡುವುದನ್ನು ಮರೆಯಬಾರದು, ಬಚ್ಚಲಿಗೆ ಹೋಗುವಾಗ ಬಿಚ್ಚಿ ಕಿಟಕಿಯ ಮೇಲಿಡಬೇಕು.